ಮಾತಿನ ತೊಲೆ

“ಕಣಜದೊಳಗೆ ಮಾತಾಡ್ಬೇಡ ಬೇಟಾ. ಜನ ಒಳಗೋಗಿ ನೋಡ್ಕಂಡು ಬರ್ಲಿ. ನೀನು ಹೊಸ್ಲಾಚೆನೇ ನಿಂತ್ಕೊ.”

ಬಾಷಾ ಸಾಬ್ ಇಷ್ಟು ಹೇಳಿದಾಗ ತಿಪ್ಪೇಶ ನಕ್ಕುಬಿಟ್ಟ. “ಯಾಕೆ ಸಾಬ್ರೇ, ಬಾವಲಿಗಳಿಗೆ ನಿದ್ದೆ ಕೆಡುತ್ತಾ?”

“ನಗಪ್ಪ, ನಗು. ನಲ್ವತ್ತೊರ್ಸ ಆಯ್ತು ಈ ಬೆಟ್ಟಕ್ಕೆ ಜನಾನ ಹತ್ತುಸ್ತಾ. ಒಳಗೆ ಒಂದು ಮಾತಾಡಿಲ್ಲ. ಆ ತೊಲೆ ಮೊಳೇನಂತೂ ಮುಟ್ಟೇ ಇಲ್ಲ.”

“ಅದಕ್ಕೇ ನಿಮ್ಮನ್ನ ಹಿಂದೆ ನಿಲ್ಸಿ ನನಗೆ ಮೈಕ್ ಕೊಟ್ಟಿರೋದು.”

ತಮಾಷೆಗೆ ಅಂದದ್ದು. ಮುದುಕ ಹೆಗಲ ಮೇಲಿನ ಟವೆಲ್ಲಿನಿಂದ ಕುತ್ತಿಗೆ ಒರೆಸಿಕೊಂಡು ಮೆಟ್ಟಿಲಿಳಿದು ಹೋದ. ಆ ಬೆನ್ನನ್ನು ನೋಡುವಾಗ ತಿಪ್ಪೇಶನಿಗೆ ಒಂದು ಗಳಿಗೆ ಇರುಸುಮುರುಸಾಯಿತು. ಅವನು ಆ ಮುಖವನ್ನು ನೇರವಾಗಿ ನೋಡುವುದನ್ನು ಮೊದಲ ದಿನದಿಂದಲೂ ತಪ್ಪಿಸುತ್ತಲೇ ಬಂದಿದ್ದ.

ಹುಲ್ಲೇಕಲ್ಲು ದುರ್ಗ ಕೊರಟಗೆರೆಗೂ ಬಡವನಹಳ್ಳಿಗೂ ನಡುವೆ ಇರುವ ಒಂಟಿ ಬೆಟ್ಟ. ಮಧುಗಿರಿಗೆ ಬಂದವರು, ಚನ್ನರಾಯನದುರ್ಗ ಹತ್ತಿದವರು, ಕಾಲಲ್ಲಿ ಇನ್ನೂ ಕಸುವು ಉಳಿದಿದ್ದರೆ ಇಲ್ಲಿಗೂ ಬರುತ್ತಾರೆ. ಅಂಥವರಿಗೆ ಕೋಟೆ ತೋರಿಸಲು ಪ್ರವಾಸಿ ಸಂಘವೊಂದು ಎರಡು ತಿಂಗಳ ಹಿಂದೆ ತಿಪ್ಪೇಶನನ್ನು ನೇಮಿಸಿತ್ತು. ವಯಸ್ಸು ಇಪ್ಪತ್ತೆಂಟು. ಊರು ಪಾವಗಡದ ರಾಯಚರ್ಲು. ಇತಿಹಾಸದಲ್ಲಿ ಎಂ.ಎ. ಎದೆಯ ಮೇಲೆ ಬ್ಯಾಡ್ಜು, ಸೊಂಟದಲ್ಲಿ ಸಣ್ಣ ಸ್ಪೀಕರು. ಅದುವರೆಗೆ ಕೋಟೆ ತೋರಿಸುತ್ತಿದ್ದ ಸಿರಾದ ಬಾಷಾ ಸಾಬ್ ಈಗ ಸುಸ್ತಾದವರನ್ನು ಕೈಹಿಡಿದು ಕರೆತರುವ ಹಿಂದಿನಾಳು.

ಮೂರನೇ ಸುತ್ತಿನ ಗೋಡೆಯ ಒಳಗೆ, ಬಂಡೆಗೆ ಬೆನ್ನು ಕೊಟ್ಟು ಕಟ್ಟಿದ ಕಣಜವಿತ್ತು. ಕಿಟಕಿಯಿಲ್ಲ. ಹತ್ತು ಹೆಜ್ಜೆ ಒಳಗಿಟ್ಟರೆ ಮಟಮಟ ಮಧ್ಯಾಹ್ನದಲ್ಲೂ ನಮ್ಮ ಕೈ ನಮಗೇ ಕಾಣುವುದಿಲ್ಲ. ಬಾವಲಿ ಹಿಕ್ಕೆಯ ಘಾಟು, ಹಳೇ ರಾಗಿ ಹೊಟ್ಟಿನ ಮುಗ್ಗಲು, ಅದರಡಿಯಲ್ಲಿ ಹರಳೆಣ್ಣೆಯ ಜಿಡ್ಡು ವಾಸನೆ. ಹಿಂಗೋಡೆಗೆ ಅಡ್ಡಲಾಗಿ ಒಂದು ಕಪ್ಪು ತೊಲೆ. ತೊಲೆಯ ತುಂಬ ಮೊಳೆಗಳು. ಪ್ರತಿ ಮೊಳೆಯ ಕುತ್ತಿಗೆಗೂ ಕೂದಲ ಸುತ್ತು.

ಸುತ್ತಲ ಹಳ್ಳಿಗಳಲ್ಲಿ ಇದಕ್ಕೆ ಮಾತಿನ ತೊಲೆ ಎನ್ನುತ್ತಿದ್ದರು. ಹೊರಲಾಗದ ನಾಚಿಕೆಯೊಂದನ್ನು ಒಳಗಿಟ್ಟುಕೊಂಡವರು, ಯಾವ ಜಾತಿ, ಯಾವ ಮತವೇ ಇರಲಿ, ಅಮಾವಾಸ್ಯೆಯ ನಡುಮಧ್ಯಾಹ್ನ ಇಲ್ಲಿಗೆ ಬಂದು ಅದನ್ನು ತೊಲೆಯ ಕಿವಿಗೆ ಹೇಳಬೇಕು. ತಲೆಯ ಕೂದಲನ್ನೇ ಕಿತ್ತು ಮೊಳೆಗೆ ಸುತ್ತಬೇಕು. ಪೆದ್ದಮ್ಮ ಎಂಬ ಮುದುಕಿ ಮಂತ್ರ ಹೇಳಿ ಅದನ್ನು ಹೊಡೆಯುತ್ತಾಳೆ. ಆಮೇಲೆ ಆ ಮಾತು ಯಾರ ಬಾಯಿಗೂ ಬರುವುದಿಲ್ಲ. ಪೆದ್ದಮ್ಮನ ಅತ್ತೆಯೂ ಇದನ್ನೇ ಮಾಡುತ್ತಿದ್ದಳು, ಅವಳ ಅತ್ತೆಯೂ. ಮಿಕ್ಕ ದಿನಗಳಲ್ಲಿ ಪೆದ್ದಮ್ಮ ಬೆಟ್ಟದ ಬುಡದಲ್ಲಿ ಉಪ್ಪು ಖಾರ ಸವರಿದ ಸೌತೆಕಾಯಿ ಮಾರುತ್ತಿದ್ದಳು. ಅದನ್ನು ನೋಡಿಯೇ ತಿಪ್ಪೇಶನಿಗೆ ಮತ್ತೂ ನಗು.

ಆ ಭಾನುವಾರ ತುಮಕೂರಿನಿಂದ ಬಂದ ತಂಡ ಬಿಸಿಲಿಗೆ ಬೇಸತ್ತಿತ್ತು. ಕಣಜದ ಮುಂದೆ ಒಬ್ಬಾಕೆ ಆಕಳಿಸಿದಳು. ತಿಪ್ಪೇಶ ಹೊಸ್ತಿಲು ದಾಟಿ ಮೈಕ್ ಹಾಕಿದ. “ಬನ್ನಿ, ನಮ್ಮ ಹಿರಿಯರ ಲಾಕರ್ ತೋರಿಸ್ತೀನಿ. ಇದರಲ್ಲಿ ಒಡವೆ ಇಲ್ಲ, ಬರೀ ಗುಟ್ಟು.” ಜನ ನಕ್ಕರು. ಉಮೇದಿನಲ್ಲಿ ಅವನು ತೊಲೆಗೆ ಕೈಹಾಕಿದ. ಒಂದು ಮೊಳೆ ಹಲ್ಲಿನಂತೆ ಅಲ್ಲಾಡಿತು. ತಿರುವಿ ಎಳೆದ. ಬಂತು. ತಣ್ಣಗಿತ್ತು. ಅದನ್ನು ಕೈಯಿಂದ ಕೈಗೆ ದಾಟಿಸಿ ಎಲ್ಲರೂ ಫೋಟೊ ತೆಗೆದುಕೊಂಡರು.

ಬಾಗಿಲಲ್ಲಿ ನಿಂತಿದ್ದ ಬಾಷಾ ಸಾಬ್, “ಯಾ ಅಲ್ಲಾ,” ಎಂದಷ್ಟೇ ಅಂದ.

ಜನ ಹೊರಟ ಮೇಲೆ ತಿಪ್ಪೇಶ ಅದೇ ತೂತಿಗೆ ಮೊಳೆಯಿಟ್ಟು ಕಲ್ಲಿನಿಂದ ಕುಟ್ಟಿದ. “ನೋಡಿ, ಹೆಂಗಿತ್ತೋ ಹಂಗೇ ಆಯ್ತು.”

“ಮೊಳೆ ಕೂತ್ಕಂತು ಕಣಪ್ಪ,” ಎಂದ ಮುದುಕ. “ಮಾತು ಕೂತ್ಕಂತಾ?”

ಮುಂದಿನ ಶನಿವಾರ ಅದು ಶುರುವಾಯಿತು. ಕಾಲೇಜು ಹುಡುಗಿಯರ ತಂಡ. ತಿಪ್ಪೇಶ ಕಣಜದೊಳಗೆ ನಿಂತು, ಮುನ್ನೂರು ಜನರ ಪಡೆಗೆ ಆರು ತಿಂಗಳಿಗೆ ಬೇಕಾದ ರಾಗಿಯನ್ನು ಹೇಗೆ ತುಂಬಿಡುತ್ತಿದ್ದರು ಎಂದು ವಿವರಿಸುತ್ತಿದ್ದ. ನಾಲಿಗೆಗೆ ತುಕ್ಕಿನ ರುಚಿ ಬಂತು. ಗಂಟಲಲ್ಲಿ ಏನೋ ಹೊರಳಿತು. ಸೊಂಟದ ಸ್ಪೀಕರಿನಿಂದ ಒಂದು ಹೆಣ್ಣುದನಿ ಬಂತು.

“ನೀರು ಕೇಳಿದ್ಲು.”

ಅದು ಸ್ಪೀಕರಿನ ತಪ್ಪಲ್ಲ, ತನ್ನ ತುಟಿಯೇ ಆಡಿದ್ದು ಎಂದು ತಿಪ್ಪೇಶನಿಗೆ ಗೊತ್ತಾಯಿತು. ಹುಡುಗಿಯರು ಒಂದು ಕ್ಷಣ ಬೆದರಿ, ಆಮೇಲೆ ಚಪ್ಪಾಳೆ ತಟ್ಟಿದರು. “ಸೂಪರ್ ಸರ್! ಇನ್ನೊಂದ್ಸಲ ಮಾಡಿ!”

ಭಾನುವಾರ ಒಳಗೆ ಹೋಗಬಾರದೆಂದುಕೊಂಡ. ಹೋಗಲೂ ಇಲ್ಲ. ಬಾಗಿಲಾಚೆ ನಿಂತಿದ್ದಾಗಲೇ ಉಸಿರು ಕಟ್ಟಿತು. ಕೆಮ್ಮಿದ. ಕೆಮ್ಮಿದಷ್ಟೂ ಗಂಟಲು ಬಿಗಿಯಿತು. ಬಾಯೊಳಗೆ ಬೆರಳು ಹಾಕಿದಾಗ ಕೂದಲೊಂದು ಸಿಕ್ಕಿತು. ಎಳೆದ. ಬಂತು. ಇನ್ನೂ ಎಳೆದ. ಇನ್ನೂ ಬಂತು. ಮೊಳದುದ್ದ, ಹೆಂಗಸಿನ ಕೂದಲು. ಓಡಿ ಕಣಜದೊಳಗೆ ಬಿದ್ದ. ಅಲ್ಲಿ ಮಾತ್ರ ಉಸಿರು ಆಡಿತು. ಉಸಿರಿನ ಜೊತೆಗೇ ಅದೂ ಬಂತು.

“ನಾನು ಆಚೆಯಿಂದ ಚಿಲಕ ಹಾಕ್ದೆ.”

ಸೋಮವಾರ ಬೆಳಿಗ್ಗೆ ಬ್ಯಾಗು ಕಟ್ಟಿಕೊಂಡು ಊರಿಗೆ ಹೊರಟ. ಬಸ್ಸು ಬಡವನಹಳ್ಳಿ ದಾಟುವಷ್ಟರಲ್ಲಿ ಮುಖ ನೀಲಿಗಟ್ಟಿತ್ತು. ಕಂಡಕ್ಟರು ಹೆದರಿ ಸೀಟಿ ಊದಿದ. “ಇಳ್ಸಿ, ಇಳ್ಸಿ, ಗಾಳಿ ಬೇಕು ಅವ್ರಿಗೆ!” ಗಾಳಿ ಬೇಕಿರಲಿಲ್ಲ. ತಿರುಗಿ ಬೆಟ್ಟದ ಕಡೆ ನಡೆದಷ್ಟೂ ಗಂಟಲು ಸಡಿಲವಾಗುತ್ತ ಬಂತು. ಆ ಮಧ್ಯಾಹ್ನ ಬಂದಿದ್ದ ನಾಲ್ಕು ಜನ ಪ್ರವಾಸಿಗಳ ಮುಂದೆ ಮೂರನೆಯದೂ ಬಂತು.

“ಮದ್ವೆ ಮನೇಲಿ ಮೂರು ದಿನ ಉಂಡೆ.”

ಯಾರೋ ಅದನ್ನು ವಿಡಿಯೊ ಮಾಡಿದರು. ಅದು ಸುತ್ತಲ ಊರುಗಳ ಫೋನುಗಳಲ್ಲೆಲ್ಲ ಓಡಾಡಿತು.

ಬೆಟ್ಟದ ಬುಡದಲ್ಲಿ ಪ್ರವಾಸಿಗಳಿಗೆ ಮುದ್ದೆ, ಅನ್ನ ಮಾಡಿ ಹಾಕುತ್ತಿದ್ದವಳು ವೇದಾವತಿ. ಐವತ್ತು ದಾಟಿದ ಹೆಂಗಸು. ಅವಳ ಗಂಡ ರಂಗಯ್ಯ ನೀರಿನ ಕ್ಯಾನು ಹೊತ್ತು ಬೆಟ್ಟದ ಮೇಲಕ್ಕೆ ಒಯ್ಯುತ್ತಿದ್ದ. ತಿಪ್ಪೇಶನೂ ಅಲ್ಲಿಯೇ ಉಣ್ಣುತ್ತಿದ್ದ. “ಬೆಟ್ಟ ಹತ್ತೋ ಕಾಲಿಗೆ ಇಷ್ಟು ಸಾಲ್ದು ಕಣಪ್ಪ,” ಎಂದು ಕೇಳದೆಯೇ ಇನ್ನೊಂದು ತುತ್ತು ಮುದ್ದೆ ಹಾಕುವ ಕೈ ಅವಳದು. ಮಂಗಳವಾರ ಅವಳು ತಟ್ಟೆಯಿಟ್ಟು ಎದುರಿಗೇ ಕೂತಳು.

“ಮುಂದಿಂದು ಏನು ಅಂತ ನಿಂಗೊತ್ತಾ?”

“ಏನು ಮುಂದಿಂದು?”

“ಆ ಮಾತು. ಫೋನ್ನಾಗೆ ಬಂದಿದ್ದು.”

“ಇಲ್ಲಮ್ಮ.”

“ನಂಗೊತ್ತು,” ಎಂದಳು ವೇದಾವತಿ.

ತುತ್ತು ತಿಪ್ಪೇಶನ ಕೈಯಲ್ಲೇ ಉಳಿಯಿತು. ಅವಳು ನೆಲ ನೋಡುತ್ತ, ಬೇರೆ ಯಾರದೋ ಕತೆಯೆಂಬಂತೆ ಹೇಳಿದಳು. “ನಮ್ಮತ್ತೆಗೆ ಬುದ್ಧಿ ಹೋಗಿತ್ತು. ಕಣ್ಣು ತಪ್ಸಿದ್ರೆ ಬಾವಿ ತಾವ ಹೋಗ್ಬುಡೋಳು. ನಂಗಾಗ ಇಪ್ಪತ್ತೊರ್ಸ. ಇವ್ರು ಆಂಧ್ರದ ಕಡೆ ಬಾವಿ ತೋಡಕ್ಕೆ ಹೋಗಿದ್ರು. ತಂಗಿ ಮದ್ವೆ ಬಂತು. ಒಂದಿನ ಅಂತ ಹೋದೆ. ಇರು ಇರು ಅಂದ್ರು, ಇದ್ದುಬುಟ್ಟೆ. ಜ್ವರ ಬಂದು ಹೋಗ್ಬುಟ್ರು ಅಂತ ಇವರಿಗೆ ಹೇಳಿವ್ನಿ. ಮೂವತ್ತೊರ್ಸದಿಂದ ನನ್ ಕೈಯೂಟ ಉಂಡವ್ರೆ. ಕೊನೆಗೆ ನನ್ ಹೆಸ್ರೂ ಬಂದ್ಬುಡುತ್ತೆ. ಮುಚ್ಚಸ್ಬುಡಪ್ಪ ಅದನ್ನ. ನಿನ್ ಕಾಲಿಗೆ ಬೀಳ್ತೀನಿ.”

ಹೊರಗೆ ರಂಗಯ್ಯ ಕ್ಯಾನು ತೊಳೆಯುತ್ತ ಏನೋ ಗುನುಗುತ್ತಿದ್ದ. ತಿಪ್ಪೇಶನಿಗೆ ತಲೆಯೆತ್ತಲು ಆಗಲಿಲ್ಲ. ಎದ್ದು ನೇರ ಪೆದ್ದಮ್ಮನ ಬಳಿ ಹೋದ.

ಪೆದ್ದಮ್ಮ ಸೌತೆಕಾಯಿ ಸೀಳುತ್ತಲೇ ಕೇಳಿಸಿಕೊಂಡಳು. “ಲಾಕರ್ ಅಂದ್ಯಂತೆ?”

“ತಪ್ಪಾಯ್ತು.”

“ನಿಂದು ತಪ್ಪು, ಸಾಯೋಳು ಅವ್ಳು. ಅರ್ಧ ಆಚೆ ಬಂದಿರೋ ಮಾತು ಬರೀ ಮೊಳೆಗೆ ಒಳಗೋಗಕ್ಕಿಲ್ಲ ಕಣ್ಲಾ. ಅದರ ಜಾಗಕ್ಕೆ ಇನ್ನೊಂದು ಮಾತು ಕೊಡ್ಬೇಕು. ಕಿತ್ತೋನ್ದೇ ಆಗ್ಬೇಕು. ನೀನು ಯಾರಿಗೂ ಹೇಳ್ದೆ ಮುಚ್ಚಿಟ್ಕಂಡಿರೋದು ಇದ್ದೇ ಇರುತ್ತಲ್ಲ, ಅದು. ಜನದ ಮುಂದೆ ಬಂದಿದ್ದನ್ನ ಜನದ ಮುಂದೇನೇ ಮುಚ್ಚಬೇಕು. ಭಾನುವಾರ ಅಮಾಸೆ. ನಡುಮಧ್ಯಾಹ್ನ ನಿಂದನ್ನ ಜೋರಾಗಿ ಹೇಳು, ನಾನು ಹೊಡಿತೀನಿ. ಅವ್ಳ ಹೆಸ್ರು ಬರಕ್ಕೆ ಮುಂಚೆ ಹೇಳ್ಬೇಕು.”

“ನನ್ನ ಹತ್ರ ಅಂಥದ್ದೇನೂ ಇಲ್ಲ.”

ಪೆದ್ದಮ್ಮ ಮೊದಲ ಸಲ ಅವನ ಮುಖ ನೋಡಿದಳು. ನೋಡಿ, ಮತ್ತೆ ಸೌತೆಕಾಯಿಗೆ ಕೈಹಾಕಿದಳು.

ಇತ್ತು. ಇಲ್ಲಿ ಕಾಲಿಡುವ ಮೊದಲೇ ತಿಪ್ಪೇಶ ಈ ಕೋಟೆಯನ್ನು ಬಲ್ಲವನಾಗಿದ್ದ. ಎಂ.ಎ.ಯಲ್ಲಿ ಅವನ ಪಕ್ಕದಲ್ಲಿ ಕೂರುತ್ತಿದ್ದ ರಿಯಾಜ್ ಹುಲ್ಲೇಕಲ್ಲು ದುರ್ಗದ ಮೇಲೆ ಪ್ರಬಂಧ ಬರೆದಿದ್ದ. ಅಷ್ಟೂ ತನ್ನ ಅಜ್ಜನ ಬಾಯಿಂದ ಕೇಳಿ ಬರೆದದ್ದು. ಟೈಪು ಮಾಡಿಕೊಡೆಂದು ಅದನ್ನು ತಿಪ್ಪೇಶನಿಗೆ ಕೊಟ್ಟಿದ್ದ. ತಿಪ್ಪೇಶ ತನ್ನ ಹೆಸರು ಹಾಕಿ ಒಂದು ದಿನ ಮೊದಲೇ ಸಲ್ಲಿಸಿದ. ವಿಚಾರಣೆ ನಡೆದಾಗ, ಕದ್ದವನು ರಿಯಾಜ್ ಎಂದು ಬರೆದು ಸಹಿ ಮಾಡಿದ. ರಿಯಾಜ್ ಪದವಿಯಿಲ್ಲದೆ ಹೊರಬಿದ್ದ. ಈಗ ಸಿರಾದಲ್ಲಿ ಕಿಟಕಿ ಗ್ರಿಲ್ಲುಗಳಿಗೆ ವೆಲ್ಡಿಂಗ್ ಮಾಡುತ್ತಿದ್ದಾನೆ. ಅವನ ಅಜ್ಜ ಬಾಷಾ ಸಾಬ್ ಮೊಮ್ಮಗನೊಡನೆ ಮಾತು ಬಿಟ್ಟು ನಾಲ್ಕು ವರ್ಷವಾಗಿತ್ತು. ‘ಬಂದೋರ್ಗೆಲ್ಲ ನಾನು ಹೇಳೋ ಕತೆ, ಅದನ್ನೂ ಇನ್ಯಾರೋ ಬರ್ದಿದ್ರಿಂದ ಕದ್ದು ಬರ್ಯೋ ಗತಿ ಬಂತಲ್ಲ ಅವನಿಗೆ’ ಎಂದು ಒಮ್ಮೆ ತಿಪ್ಪೇಶನ ಎದುರಿಗೇ ಹೇಳಿಕೊಂಡಿದ್ದ. ಎದುರಿಗೆ ನಿಂತವನು ಮೊಮ್ಮಗನ ಸಹಪಾಠಿ ಎಂಬುದು ಮುದುಕನಿಗೆ ಗೊತ್ತಿರಲಿಲ್ಲ. ತಿಪ್ಪೇಶ ದಿನವೂ ಅವನದೇ ಕತೆಗಳನ್ನು ಅವನ ಮುಂದೆಯೇ ಮೈಕಿನಲ್ಲಿ ಹೇಳುತ್ತಿದ್ದ. “ಶಬ್ಬಾಸ್! ನಾನ್ ಹೇಳ್ದಂಗೇ ಹೇಳ್ತೀಯಲ್ಲೋ,” ಎಂದು ಮುದುಕ ಖುಷಿಪಡುತ್ತಿದ್ದ.

ಹೇಳಬೇಕಾದದ್ದು ಮೂರೇ ಮಾತು. ರಿಯಾಜ್ ಕದಿಯಲಿಲ್ಲ. ನಾನು ಕದ್ದೆ. ಸುಳ್ಳು ಸಹಿ ಮಾಡಿದೆ. ಭಾನುವಾರದವರೆಗೆ ತಿಪ್ಪೇಶ ಅದನ್ನು ಬಾಯಿಪಾಠ ಮಾಡಿದ. ನಡುವೆ ಶನಿವಾರ ನಾಲ್ಕನೆಯದೂ ಬಂದು ಹೋಗಿತ್ತು. “ಬಾಗ್ಲ ಒಳಗಡೆ ಉಗುರಿನ ಗೀರಿತ್ತು. ಸುಣ್ಣ ಬಳಿದ್ಬುಟ್ಟೆ.”

ಭಾನುವಾರ ನಿವೃತ್ತ ಮೇಷ್ಟರುಗಳ ತಂಡವೊಂದು ಬಂತು. ಇಪ್ಪತ್ತು ಜನ. ಪರವೂರಿನವರು. ಅದೇ ಸಮಾಧಾನ ಎಂದುಕೊಂಡ ತಿಪ್ಪೇಶ. ಅವರಲ್ಲಿ ಯಾರೂ ತನ್ನನ್ನಾಗಲಿ ರಿಯಾಜನನ್ನಾಗಲಿ ಬಲ್ಲವರಲ್ಲ.

ಕಣಜದೊಳಗೆ ಪೆದ್ದಮ್ಮ ಆಗಲೇ ಕೂತಿದ್ದಳು. ಅವಳ ಮುಂದೆ ಹರಳೆಣ್ಣೆಯ ದೀಪ, ಸುತ್ತಿಗೆ, ಹೊಸ ಮೊಳೆ. ತಿಪ್ಪೇಶ ಕೂದಲು ಕಿತ್ತು ಕೊಟ್ಟ. ಅವಳು ಸುತ್ತಿದಳು. ಏನೋ ಮಣಮಣ ಹೇಳಿದಳು. ಬಾವಲಿಗಳು ಒಮ್ಮೆಲೇ ಸುಮ್ಮನಾದವು.

“ಹೇಳು,” ಎಂದಳು.

ತಿಪ್ಪೇಶ ಜನರ ಕಡೆ ತಿರುಗಿದ. ಬಾಗಿಲ ಬೆಳಕಿನಲ್ಲಿ, ಹೊಸ್ತಿಲಾಚೆ, ಎಂದಿನಂತೆ ಬಾಷಾ ಸಾಬ್ ನಿಂತಿದ್ದ. ಅಂಗೈಯನ್ನು ಕಿವಿಯ ಹಿಂದೆ ಹಿಡಿದು, ಕುತ್ತಿಗೆ ಚಾಚಿ, ಹುಡುಗನಿಗೆ ಏನೂ ಆಗದಿರಲಿ ಎಂಬ ಕಳವಳದಲ್ಲಿ ನೋಡುತ್ತಿದ್ದ.

“ನಾನು...” ಎಂದ ತಿಪ್ಪೇಶ.

ನಾಲಿಗೆ ಹಗುರವಾಗಿತ್ತು. ಯಾವುದೂ ತಡೆಯಲಿಲ್ಲ. ತುಕ್ಕಿನ ರುಚಿಯಿಲ್ಲ. ಕೂದಲಿಲ್ಲ. ಮಾತು ಅಲ್ಲೇ ಇತ್ತು. ತುಟಿಯ ಹಿಂದೆ.

“ನಾನು ಎಂ.ಎ. ಓದುವಾಗ...”

ಮುದುಕ ತಲೆಯಾಡಿಸಿದ. ಹೇಳು ಬೇಟಾ, ಹೇಳು.

ಆ ಮುಖ ಈಗ ಬದಲಾಗುತ್ತದೆ. ಇನ್ನೊಂದು ಮಾತು ಆಡಿದರೆ ಬದಲಾಗುತ್ತದೆ. ಬ್ಯಾಡ್ಜು, ಮೈಕು, ಶಬ್ಬಾಸ್. ಎಲ್ಲ. ಆಡಬೇಕು. ಆಡು. ಪೆದ್ದಮ್ಮನ ಸುತ್ತಿಗೆ ಮೇಲೆದ್ದಿತ್ತು. “ಬೇಗ ಕಣ್ಲಾ!” ದೀಪ ನಡುಗಿತು. ಆಡು. ಬಾಗಿಲಲ್ಲಿ ಇನ್ನೊಂದು ನೆರಳು ಬಂತು. ಹೆಗಲ ಮೇಲೆ ಕ್ಯಾನು. ಮೇಷ್ಟರುಗಳ ಊಟಕ್ಕೆ ನೀರು ತಂದ ರಂಗಯ್ಯ. ತಿಪ್ಪೇಶ ಕಂಡ. ಎಲ್ಲವನ್ನೂ ಕಂಡ. ಈಗಲೇ ಆಡಬೇಕು. ಒಂದು ಉಸಿರು. ಒಂದೇ ಒಂದು.

ಅವನು ಬಾಯಿ ಮುಚ್ಚಿದ.

ಯಾರೂ ಮುಚ್ಚಿಸಲಿಲ್ಲ. ಅವನೇ ಮುಚ್ಚಿದ. ಹಲ್ಲುಗಳು ಕೂಡಿದ ಸದ್ದು ಅವನಿಗೇ ಕೇಳಿಸಿತು. ಮರುಗಳಿಗೆ ಹೊರಗಿನದೊಂದು ಬಲ ಆ ಹಲ್ಲುಗಳನ್ನು ಬಿಡಿಸಿತು.

“ಅವ್ಳು ನಮ್ಮತ್ತೆ. ನಾನು ವೇದಾವತಿ. ರಂಗಯ್ಯನ ಹೆಂಡ್ತಿ.”

ಮೇಷ್ಟರುಗಳಲ್ಲಿ ಯಾರೋ ಚಪ್ಪಾಳೆ ತಟ್ಟಲು ಹೋಗಿ, ಬಾಗಿಲ ಕಡೆ ನೋಡಿ, ನಿಲ್ಲಿಸಿದರು. ರಂಗಯ್ಯ ಕ್ಯಾನನ್ನು ಎತ್ತಿಹಾಕಲಿಲ್ಲ. ಮೆಲ್ಲಗೆ ಕೆಳಗಿಟ್ಟ. ಮುಚ್ಚಳ ಸರಿಯಾಗಿದೆಯೇ ಎಂದು ಮುಟ್ಟಿ ನೋಡಿದ. ಆಮೇಲೆ ಬೆಟ್ಟ ಇಳಿದು ಹೋದ.

ತಿಪ್ಪೇಶನ ಎದೆಯಿಂದ ಭಾರವೆಲ್ಲ ಇಳಿದಿತ್ತು. ಉಸಿರು ಸಲೀಸಾಗಿ ಆಡುತ್ತಿತ್ತು. ಆ ಸುಖಕ್ಕೆ ಅವನಿಗೇ ಹೇಸಿಗೆಯಾಯಿತು.

ರಂಗಯ್ಯ ಹೆಂಡತಿಯನ್ನು ಹೊಡೆಯಲಿಲ್ಲ, ಬೈಯಲಿಲ್ಲ. ಒಳಗಿದ್ದವಳನ್ನು ಒಳಗೇ ಬಿಟ್ಟು ಹೊರಗಿನಿಂದ ಚಿಲಕ ಹಾಕಿ ಜಗುಲಿಯ ಮೇಲೆ ಕೂತ. ನೆರೆಯವರು ಕರೆದರೆ ತಿರುಗಿ ನೋಡಲಿಲ್ಲ. ಸೋಮವಾರವಿಡೀ ಹಾಗೆಯೇ ಕೂತಿದ್ದ. ಒಳಗಿನಿಂದ ಅವಳು ಒಂದು ಸಲವೂ ಬಾಗಿಲು ತಟ್ಟಲಿಲ್ಲ. ಮಂಗಳವಾರ ಬಾಷಾ ಸಾಬ್ ಹೋಗಿ, ರಂಗಯ್ಯನನ್ನು ಕೈಹಿಡಿದು ಪಕ್ಕಕ್ಕೆ ಸರಿಸಿ, ಚಿಲಕ ತೆಗೆದ. ಒಣಗಿದ ತುಟಿಯ ವೇದಾವತಿ ಹೊರಗೆ ಬಂದಳು. ಕೊಟ್ಟ ನೀರನ್ನು ಕುಡಿಯದೆ ಚನ್ನರಾಯನದುರ್ಗದ ಕಡೆಯ ಬಸ್ಸು ಹತ್ತಿದಳು. ಅಲ್ಲಿ ಅವಳ ತಂಗಿಯಿದ್ದಳು. ಬಸ್‌ಸ್ಟ್ಯಾಂಡಿನಲ್ಲಿ ನಿಂತಿದ್ದ ತಿಪ್ಪೇಶನನ್ನು ನೋಡಿ, “ಉಂಡ್ಯಾ?” ಎಂದು ಕೇಳಿದಳು. ಅಭ್ಯಾಸ ಬಲ ಇರಬೇಕು. ಕೇಳಿದ ಮೇಲೆ ಅವಳೇ ಮುಖ ತಿರುಗಿಸಿಕೊಂಡಳು.

ಅವನು ಓಡಿಹೋಗಿ ಪೆದ್ದಮ್ಮನ ಮುಂದೆ ಕುಸಿದ. “ಈಗ ಕೊಡ್ತೀನಿ. ನನ್ನ ಮಾತು ಈಗ ಕೊಡ್ತೀನಿ, ಹೊಡೀರಿ.”

“ಇನ್ನು ಈಸ್ಕಳಕ್ಕಾಗಕ್ಕಿಲ್ಲ ಕಣಪ್ಪ. ಬಾಯಿತುದಿಗೆ ತಂದು ನುಂಗ್ದೆ. ಅದು ನಿನ್ನೊಳಗೇ ಮೊಳೆ ಹೊಡ್ಕಂಡು ಕೂತ್ಕಂತು.”

“ಹಂಗಂದ್ರೆ?”

ಅವಳು ಸೌತೆಕಾಯಿ ಬುಟ್ಟಿ ಎತ್ತಿ ತಲೆ ಮೇಲಿಟ್ಟುಕೊಂಡಳು.

ಮೊಳೆಯಾದರೂ ಇರಲಿ, ಮಂತ್ರವಾದರೂ ಇರಲಿ. ಹೇಳಬೇಕಾದವನಿಗೆ ನೇರವಾಗಿ ಹೇಳಿದರೆ ಮುಗಿಯಿತಲ್ಲ. ತಿಪ್ಪೇಶ ಬಾಷಾ ಸಾಬ್‌ನ ಕೋಣೆಗೆ ಹೋದ. ಮುದುಕ ಮಂಚದ ಮೇಲೆ ಚೀಲವೊಂದನ್ನು ತುಂಬಿಸುತ್ತಿದ್ದ. ತೊಳೆದು ಮಡಿಸಿದ ಬಿಳಿ ಜುಬ್ಬ, ಹೊಸ ಟೋಪಿ, ಒಂದು ಪೊಟ್ಟಣ ಖರ್ಜೂರ.

“ಬಾ ಬೇಟಾ. ಆ ಹೆಂಗ್ಸನ್ನ ನೋಡಿ ಮನಸ್ಸು ಕೆಟ್ಟೋಯ್ತು. ಮನೆಯೋರ್ನ ಇಂಗೆ ಕಳ್ಕಂಡು ಏನು ಸುಖ? ರಿಯಾಜ್ ಫೋನ್ ಮಾಡಿದ್ದ, ಹಬ್ಬಕ್ಕೆ ಬಾ ದಾದಾ ಅಂತ. ನಾಲ್ಕೊರ್ಸದಿಂದ ಒಂದೇ ಮಾತು ಅವನ್ದು, ನಾನು ಕದ್ದಿಲ್ಲ ಅಂತ. ನಂಬ್ಬುಡಾಣ ಅಂತ ಹೊಂಟಿವ್ನಿ.”

ತಿಪ್ಪೇಶನ ಕಣ್ಣುಗಳು ತುಂಬಿದವು. ತಡವಾದರೂ ಸರಿಹೋಗುತ್ತದೆ ಅನ್ನಿಸಿತು. “ಸಾಬ್ರೇ, ನಾನು ರಿಯಾಜನ ಜೊತೆ ಓದಿದವನು. ಆ ಗಲಾಟೆ ಆಗಿದ್ದು ನನ್ನ ಅವನ ನಡುವೆ. ಆ ಇನ್ನೊಬ್ಬ ನಾನೇ.”

ಮುದುಕನ ಕೈ ಚೀಲದೊಳಗೇ ನಿಂತಿತು.

ಇನ್ನು ಮೂರು ಮಾತು. ತಿಪ್ಪೇಶ ಉಸಿರೆಳೆದುಕೊಂಡ. ಬಾಯಿ ತೆರೆದ.

“ಅವನು ನನ್ನದನ್ನ ಕದ್ದ.”

ಹೆಣ್ಣುದನಿಯಲ್ಲ. ಸ್ಪಷ್ಟವಾಗಿ ಅವನದೇ ದನಿ. ಅಲ್ಲ, ಎಂದು ಕೂಗಲು ಹೋದ. ಹೌದು, ಎಂದು ಬಂತು. ತಲೆಯಾಡಿಸಿ ಇಲ್ಲವೆನ್ನಲು ನೋಡಿದ. ಕುತ್ತಿಗೆ ಮೇಲೆ ಕೆಳಗೆ ಆಡಿತು. ಮೇಜಿನ ಮೇಲಿದ್ದ ಪೆನ್ನು ಹಿಡಿದು ಅಂಗೈ ಮೇಲೆ ಗೀಚಿದ. ಗುಂಡಗಿನ ಅಕ್ಷರದಲ್ಲಿ ಅದೇ ಸಾಲು ಮೂಡಿತು. ನಾಲ್ಕು ವರ್ಷದ ಹಿಂದೆ ಸಹಿ ಮಾಡಿಕೊಟ್ಟ ಸಾಲು.

“ಸಾಬ್ರೇ,” ಎಂದ. ಅಷ್ಟು ಮಾತ್ರ ಅವನದಾಗಿತ್ತು. “ಸಾಬ್ರೇ... ರಿಯಾಜೇ ಕದ್ದಿದ್ದು.”

ಬಾಷಾ ಸಾಬ್ ಅವನ ಒದ್ದೆ ಮುಖವನ್ನು ನೋಡಿದ. ಆಮೇಲೆ ಎದ್ದು ಬಂದು, ಎರಡೂ ಕೈಗಳಿಂದ ತಿಪ್ಪೇಶನ ಕೈ ಹಿಡಿದುಕೊಂಡು ತಲೆ ತಗ್ಗಿಸಿದ.

“ಇಷ್ಟು ದಿನ ಬಾಯಿ ಬುಡ್ಲಿಲ್ವಲ್ಲಪ್ಪ, ನಂಗೆ ನೋವಾಗುತ್ತೆ ಅಂತಾನಾ? ನಮ್ಮನೆ ಹುಡುಗನ್ನ ಮಾಫ್ ಮಾಡ್ಬುಡು. ಅವನ ಪರವಾಗಿ ನಾನು ಕೇಳ್ಕಂತೀನಿ.”

ಕೈ ಬಿಟ್ಟು ಮಂಚದ ಬಳಿಗೆ ಹೋದ. ಚೀಲದಿಂದ ಖರ್ಜೂರದ ಪೊಟ್ಟಣ ತೆಗೆದು ಗೂಡಿನಲ್ಲಿಟ್ಟ. ಟೋಪಿ ತೆಗೆದ. ಮಡಿಸಿದ ಜುಬ್ಬವನ್ನು ಒದರಿ, ಗೋಡೆಯ ಗೂಟಕ್ಕೆ ಮತ್ತೆ ನೇತುಹಾಕಿದ.